ಕುಂಡದ ನಿಂಬೆಯ ರೋಗನಿದಾನ

ತರ್ಕಶಾಸ್ತ್ರದ ಮೊದಲ ಪಾಠದಲ್ಲಿಯೇ ನಮಗೆಲ್ಲ ಒಂದು ಬೆಟ್ಟವೂ ಅದರ ಮೇಲೆ ಏಳುವ ಹೊಗೆಯೂ ಎದುರಾಗುತ್ತವೆ. ಹೊಗೆ ಕಂಡಿತು, ಆದುದರಿಂದ ಬೆಂಕಿ ಇರಲೇಬೇಕು ಎಂಬುದು ಅನುಮಾನ ಪ್ರಮಾಣಕ್ಕೆ ಕೊಡುವ ಹಳೆಯ ದೃಷ್ಟಾಂತ. ಪಾಠ ಅಷ್ಟಕ್ಕೇ ಮುಗಿದಿದ್ದರೆ ವಿದ್ಯಾರ್ಥಿಗಳ ಬಾಳು ಸುಖವಾಗಿರುತ್ತಿತ್ತು. ಆದರೆ ನೈಯಾಯಿಕರು ಅಲ್ಲಿಗೆ ಬಿಡುವುದಿಲ್ಲ. ಹೇತುವಿನಂತೆ ಕಂಡರೂ ಹೇತುವಲ್ಲದುದನ್ನು ಅವರು ಹೇತ್ವಾಭಾಸವೆಂದು ಕರೆದು, ಅದರಲ್ಲಿ ಹಲವು ಬಗೆಗಳನ್ನು ಎಣಿಸುತ್ತಾರೆ. ಅವುಗಳಲ್ಲೊಂದು ಸವ್ಯಭಿಚಾರ: ಸಾಧ್ಯವಿರುವ ಕಡೆಯೂ, ಇಲ್ಲದ ಕಡೆಯೂ ಕಾಣಿಸಿಕೊಳ್ಳುವ ಗುರುತು. ಅಂತಹ ಗುರುತನ್ನು ನಂಬಿ ತೀರ್ಪು ಕೊಟ್ಟವನು ಒಮ್ಮೊಮ್ಮೆ ಸರಿಯಾಗಬಹುದು. ಆದರೆ ಅದು ಅವನ ಅದೃಷ್ಟವೇ ಹೊರತು ಜ್ಞಾನವಲ್ಲ.

ಕುಂಡದಲ್ಲಿ ನೆಟ್ಟ ನಿಂಬೆ ಗಿಡದ ಹಳದಿ ಎಲೆ ಇಂತಹ ಸವ್ಯಭಿಚಾರ ಹೇತುವಿಗೆ ನನಗೆ ತಿಳಿದಿರುವ ಅತ್ಯುತ್ತಮ ಉದಾಹರಣೆ. ನೀರು ಹೆಚ್ಚಾದರೂ ಎಲೆ ಹಳದಿಯಾಗುತ್ತದೆ, ಕಡಮೆಯಾದರೂ ಆಗುತ್ತದೆ. ಗೊಬ್ಬರವಿಲ್ಲದೆ ಆಗುತ್ತದೆ, ಗೊಬ್ಬರ ವಿಪರೀತವಾಗಿಯೂ ಆಗುತ್ತದೆ. ನುಸಿ ಹೀರಿದರೂ ಆಗುತ್ತದೆ, ಬೇರು ಕೊಳೆತರೂ ಆಗುತ್ತದೆ. ವಾಸಿಯೇ ಆಗದ ಒಂದು ಮಹಾರೋಗದಿಂದಲೂ ಆಗುತ್ತದೆ. ಏನೂ ಇಲ್ಲದೆ, ಕೇವಲ ಮುಪ್ಪಿನಿಂದಲೂ ಎಲೆ ಹಣ್ಣಾಗಿ ಉದುರುವುದುಂಟು. ಹೀಗಿರುವಾಗ ಎಲೆ ಹಳದಿಯಾದುದನ್ನು ಕಂಡೊಡನೆ ಅಂಗಡಿಗೆ ಓಡಿ ಒಂದು ಸೀಸೆ ತಂದು ಸುರಿಯುವವರನ್ನು ಏನೆನ್ನೋಣ! ಗಿಡ ರೋಗದಿಂದ ಸಾಯುವುದಕ್ಕಿಂತ ಚಿಕಿತ್ಸೆಯಿಂದ ಸಾಯುವ ಪ್ರಸಂಗಗಳೇ ಹೆಚ್ಚೆಂದು ನನ್ನ ಅಭಿಪ್ರಾಯ.

ವೈದ್ಯರು ಇದಕ್ಕೆ ನಿದಾನವೆಂಬ ಪದವನ್ನು ಬಳಸುತ್ತಾರೆ. ರೋಗದ ಕಾರಣವನ್ನು ಹುಡುಕಿ ಗುರುತಿಸುವುದೇ ನಿದಾನ. ನಮ್ಮ ಹಿರಿಯರು ಈ ವಿದ್ಯೆಯನ್ನು ಗಿಡಗಳಿಗೂ ಅನ್ವಯಿಸಿದ್ದರು. ಸುಮಾರು ೧೦೨೫ರಲ್ಲಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಭಾಗವಿದೆ, ಸಂಸ್ಕೃತದಲ್ಲಿ ಸುರಪಾಲನು ಬರೆದ ‘ವೃಕ್ಷಾಯುರ್ವೇದ’ವು ಮರಗಳ ರೋಗಗಳನ್ನು ಸಹ ವಾತ, ಪಿತ್ತ, ಕಫಗಳ ವಿಭಾಗಕ್ಕೆ ಒಳಪಡಿಸುತ್ತದೆ. ಇಂದು ನಾವು ಆ ವಿಭಾಗವನ್ನು ಒಪ್ಪಬೇಕಾಗಿಲ್ಲ. ಆದರೆ ಮರಕ್ಕೂ ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ ಎಂಬ ಕ್ರಮವಿದೆಯಲ್ಲ, ಅದನ್ನು ಬಿಡುವುದಕ್ಕೆ ಕಾರಣವೇ ಇಲ್ಲ.

ಹಿತ್ತಲಿನ ನಿಂಬೆಗೂ ಮನೆಯೊಳಗಿನ ನಿಂಬೆಗೂ ಇರುವ ವ್ಯತ್ಯಾಸವನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ಈಗ ಪಟ್ಟಣಗಳಲ್ಲಿ ಹಿತ್ತಲುಗಳು ಮಾಯವಾಗಿ, ನಿಂಬೆ, ಗಜನಿಂಬೆ, ಕಿತ್ತಳೆಗಳು ಕುಂಡವೇರಿ ಕಿಟಕಿಯ ಬಳಿಗೋ ಗಾಜು ಹಾಕಿದ ಬಾಲ್ಕನಿಗೋ ಬಂದು ಕುಳಿತಿವೆ. ಒಳಗೆ ಬಂದ ಗಿಡಕ್ಕೆ ಮಳೆ ಇಲ್ಲ; ಎಲೆಯ ಧೂಳನ್ನೂ ನುಸಿಯನ್ನೂ ತೊಳೆಯುವವರಿಲ್ಲ. ಗಾಳಿ ಇಲ್ಲ. ಬಿಸಿಲು ದಿನಕ್ಕೆ ಒಂದೆರಡು ಗಂಟೆ ಬಂದರೆ ಪುಣ್ಯ. ಹಣ್ಣು ಬಿಡಬೇಕಾದ ನಿಂಬೆಗಾದರೋ ಆರು ಗಂಟೆಯ ನೇರ ಬಿಸಿಲು ಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಅದರ ಶತ್ರುಗಳ ಶತ್ರುಗಳಿಲ್ಲ. ಹೊರಗೆ ಹಿಟ್ಟು ತಿಗಣೆಯನ್ನು ಗುಲಗಂಜಿ ಹುಳು ತಿನ್ನುತ್ತದೆ, ಹೇನನ್ನು ಇನ್ನಾವುದೋ ಮರಿಹುಳು ತಿನ್ನುತ್ತದೆ, ಕಂಬಳಿಹುಳುವನ್ನು ಹಕ್ಕಿ ಎತ್ತಿಕೊಂಡು ಹೋಗುತ್ತದೆ. ಶತ್ರು ಮಾತ್ರ ನರ್ಸರಿಯಿಂದ ಗಿಡದೊಡನೆಯೇ ಒಳಗೆ ಬಂದಿರುತ್ತಾನೆ. ಕಾವಲುಗಾರನು ಬಾಗಿಲ ಹೊರಗೇ ಉಳಿದಿರುತ್ತಾನೆ. ಆದುದರಿಂದ ಹಿತ್ತಲಿನಲ್ಲಿ ಹತ್ತು ಶಲ್ಕ ಕೀಟಗಳಿದ್ದ ಗಿಡದಲ್ಲಿ ಒಂದು ವರ್ಷದ ಮೇಲೂ ಹತ್ತೇ ಇರಬಹುದು; ಒಳಗಾದರೆ ಮೂರೇ ತಿಂಗಳಲ್ಲಿ ಕೊಂಬೆಯೇ ಕಾಣದಂತಾಗಬಹುದು.

ಪರೀಕ್ಷೆಗೆ ಬೇಕಾದ ಸಲಕರಣೆ ಅತ್ಯಲ್ಪ. ಸಸ್ಯಶಾಸ್ತ್ರದ ಪ್ರಯೋಗಶಾಲೆಯಲ್ಲಿ ಸಿಕ್ಕುವ ಹತ್ತರಷ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, ಒಂದು ಹಾಳೆ ಬಿಳಿಯ ಕಾಗದ, ಒದ್ದೆ ಬಟ್ಟೆ, ಹೆಬ್ಬೆರಳಿನ ಉಗುರು. ಇವಿಷ್ಟೇ. ಮೇಲಾಗಿ ಎಲೆಯ ಬೆನ್ನನ್ನು ತಿರುಗಿಸಿ ನೋಡುವ ತಾಳ್ಮೆ. ಮನುಷ್ಯರು ಎಲೆಯ ಮುಖವನ್ನೇ ನೋಡುತ್ತಾರೆ; ಕೀಟಗಳು ಬಹುಮಟ್ಟಿಗೆ ಬೆನ್ನಿನಲ್ಲಿಯೇ ವಾಸ ಮಾಡುತ್ತವೆ.

ಈಗ ಹಳದಿ ಎಲೆಗೆ ಬರೋಣ. ಮೊದಲು ಕೇಳಬೇಕಾದ ಪ್ರಶ್ನೆ: ಹಳದಿಯಾದುದು ಹಳೆಯ ಎಲೆಯೋ, ಹೊಸ ಎಲೆಯೋ? ಈ ಒಂದು ಪ್ರಶ್ನೆಯಿಂದಲೇ ಅರ್ಧ ಕಗ್ಗಂಟು ಬಿಚ್ಚಿಕೊಳ್ಳುತ್ತದೆ. ಗಿಡವು ಸಂಸಾರವಂದಿಗನಂತೆ, ಕೊರತೆ ಬಂದಾಗ ಹಿರಿಯರ ಪಾಲನ್ನು ತೆಗೆದು ಮಕ್ಕಳಿಗೆ ಕೊಡುತ್ತದೆ. ಆದರೆ ಎಲ್ಲ ಧಾತುಗಳನ್ನೂ ಹಾಗೆ ಸಾಗಿಸಲಾಗುವುದಿಲ್ಲ. ಸಾರಜನಕ ಮತ್ತು ಮೆಗ್ನೀಸಿಯಂ ಗಿಡದೊಳಗೆ ಸುಲಭವಾಗಿ ಚಲಿಸುತ್ತವೆ. ಅವು ಕಡಮೆಯಾದಾಗ ಕೆಳಗಿನ ಹಳೆಯ ಎಲೆಗಳು ಮೊದಲು ಬಣ್ಣಗೆಡುತ್ತವೆ. ಸಾರಜನಕವಾದರೆ ಎಲೆ ಇಡಿಯಾಗಿ ಒಂದೇ ಸಮನೆ ಪೇಲವವಾಗುತ್ತದೆ. ಮೆಗ್ನೀಸಿಯಂ ಆದರೆ ಅಂಚಿನಿಂದ ಹಳದಿ ಹಬ್ಬುತ್ತ ಬಂದು, ಎಲೆಯ ಬುಡದಲ್ಲಿ ಮಾತ್ರ ಒಂದು ಹಸಿರು ತ್ರಿಕೋನ ಉಳಿಯುತ್ತದೆ. ಒಮ್ಮೆ ಕಂಡವರು ಅದನ್ನು ಮತ್ತೆ ಮರೆಯಲಾರರು. ಕಬ್ಬಿಣ, ಸತು, ಮ್ಯಾಂಗನೀಸುಗಳು ಒಮ್ಮೆ ಎಲೆಯನ್ನು ಸೇರಿದರೆ ಅಲ್ಲಿಂದ ಸುಲಭವಾಗಿ ಕದಲುವುದಿಲ್ಲ. ಅವುಗಳ ಕೊರತೆ ಚಿಗುರಿನಲ್ಲಿ ಕಾಣುತ್ತದೆ. ಕಬ್ಬಿಣದ ಕೊರತೆಯಲ್ಲಿ ಎಲೆ ಬೆಳ್ಳಗಾಗುತ್ತ ಹೋದರೂ ನರಗಳು ಮಾತ್ರ ಹಸಿರಾಗಿದ್ದು, ಬಿಳಿಯ ಬಟ್ಟೆಯ ಮೇಲೆ ಹಸಿರು ದಾರದಿಂದ ಬಲೆ ಹೆಣೆದಂತೆ ತೋರುತ್ತದೆ. ಸತುವಿನ ಕೊರತೆಯಲ್ಲಿ ಹೊಸ ಎಲೆಗಳು ಕಿರಿದಾಗಿ, ಮೊನಚಾಗಿ, ಒತ್ತೊತ್ತಾಗಿ ಹುಟ್ಟುತ್ತವೆ. ನರಗಳ ನಡುವೆ ಹಳದಿ ಪಟ್ಟೆಗಳು ಬೀಳುತ್ತವೆ.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಚಿಗುರಿನಲ್ಲಿ ಕಬ್ಬಿಣದ ಕೊರತೆ ಕಂಡಿತೆಂದರೆ ಮಣ್ಣಿನಲ್ಲಿ ಕಬ್ಬಿಣವಿಲ್ಲವೆಂದು ಅರ್ಥವಲ್ಲ. ನಮ್ಮ ಕೆಂಪು ಮಣ್ಣಿಗೆ ಆ ಬಣ್ಣ ಬಂದುದೇ ಕಬ್ಬಿಣದಿಂದ! ಆದರೆ ಕೊಳವೆ ಬಾವಿಯ ಗಡಸು ನೀರನ್ನು ವರ್ಷಗಟ್ಟಲೆ ಹೊಯ್ದು ಕುಂಡದ ಮಣ್ಣು ಕ್ಷಾರವಾದಾಗ, ಇದ್ದ ಕಬ್ಬಿಣವೂ ಬೇರಿಗೆ ದಕ್ಕದ ರೂಪಕ್ಕೆ ತಿರುಗುತ್ತದೆ. ಕುಂಡದ ಹೊರಮೈಯಲ್ಲಿ ಬಿಳಿಯ ಉಪ್ಪಿನ ಪದರ ಕಟ್ಟಿದ್ದರೆ ಇದನ್ನು ಶಂಕಿಸಬೇಕು. ಉಗ್ರಾಣ ತುಂಬಿದ್ದರೂ ಬೀಗದ ಕೈ ಕಳೆದುಹೋದ ಸ್ಥಿತಿ ಇದು. ಮಳೆಯ ನೀರನ್ನು ಹಿಡಿದಿಟ್ಟು ಹೊಯ್ಯುವುದು, ಕುಂಡದ ಮಣ್ಣನ್ನು ಬದಲಿಸುವುದು ಇದಕ್ಕೆ ಮೊದಲ ಪರಿಹಾರ. ಎಲೆಗೆ ಸಿಂಪಡಿಸುವ ಲಘು ಪೋಷಕಗಳ ಮಿಶ್ರಣ ಆ ಮೇಲಿನ ಮಾತು.

ಎಲೆಯ ತುದಿಯೂ ಅಂಚೂ ಸುಟ್ಟಂತೆ ಕಂದಾಗಿದ್ದರೆ ಅದೇ ಉಪ್ಪಿನ, ಇಲ್ಲವೆ ಅತಿಗೊಬ್ಬರದ ಕೆಲಸ. ಕೆಳಗಿನ ರಂಧ್ರದಿಂದ ಧಾರಾಳವಾಗಿ ಹರಿದುಹೋಗುವಷ್ಟು ನೀರನ್ನು ಒಂದೆರಡು ಬಾರಿ ಹೊಯ್ದು ಮಣ್ಣನ್ನು ತೊಳೆದರೆ ಸಾಕು.

ನೀರಿನ ವಿಷಯ ಬಂದುದರಿಂದ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮನೆಯೊಳಗಿನ ಗಿಡಗಳನ್ನು ಕೀಟಗಳೂ ರೋಗಗಳೂ ಒಟ್ಟಾಗಿ ಕೊಲ್ಲುವುದಕ್ಕಿಂತ ಹೆಚ್ಚಾಗಿ ಪ್ರೀತಿ ಕೊಲ್ಲುತ್ತದೆ. ದಿನವೂ ಬೆಳಗ್ಗೆ ಒಂದು ಚೊಂಬು ನೀರು ಹೊಯ್ಯುವ ನಿಯಮ ತುಳಸಿಗೆ ಸಲ್ಲಬಹುದು, ನಿಂಬೆಗೆ ಸಲ್ಲದು. ಮಣ್ಣಿನ ಕಣಗಳ ನಡುವಿನ ಗಾಳಿಯೆಲ್ಲ ಹೋಗಿ ನೀರೇ ನಿಂತಾಗ ಬೇರು ಉಸಿರುಗಟ್ಟುತ್ತದೆ. ಆಗ ಫೈಟಾಫ್ತೊರ ಎಂಬ ಬೂಷ್ಟಿನಂತಹ ಜೀವಿ ಬೇರನ್ನು ಕೊಳೆಯಿಸಲು ತೊಡಗುತ್ತದೆ. ಇದರ ಲಕ್ಷಣವೇ ಒಂದು ಒಗಟು: ಮಣ್ಣು ಒದ್ದೆಯಾಗಿಯೇ ಇದೆ, ಆದರೂ ಗಿಡ ನೀರಿಲ್ಲದಂತೆ ಬಾಡಿದೆ. ನೀರು ಹೀರಬೇಕಾದ ಬೇರೇ ಸತ್ತಿರುವಾಗ ನೀರಿದ್ದೇನು ಫಲ? ಇದನ್ನು ಕಂಡ ಮನೆಯವರು ಪಾಪ, ಬಾಡಿದೆಯೆಂದು ಇನ್ನೊಂದು ಚೊಂಬು ಹೊಯ್ಯುತ್ತಾರೆ. ಸಂಶಯವಿದ್ದರೆ ಗಿಡವನ್ನು ಮಣ್ಣಿನ ಹೆಂಟೆಯೊಡನೆ ಕುಂಡದಿಂದ ಮೆಲ್ಲನೆ ಹೊರತೆಗೆದು ನೋಡಬೇಕು. ಜೀವಂತ ಬೇರು ಬೆಳ್ಳಗೆ ಅಥವಾ ತಿಳಿ ಕಂದಾಗಿ ಗಟ್ಟಿಯಾಗಿರುತ್ತದೆ. ಕೊಳೆತ ಬೇರನ್ನು ಬೆರಳುಗಳ ನಡುವೆ ಹಿಡಿದು ಎಳೆದರೆ ಸಿಪ್ಪೆ ಕಳಚಿಬಂದು, ಒಳಗಿನ ನಾರು ಮಾತ್ರ ಉಳಿಯುತ್ತದೆ. ಮಣ್ಣು ದುರ್ವಾಸನೆ ಬೀರುತ್ತದೆ. ಕೊಳೆತುದನ್ನು ಕತ್ತರಿಸಿ, ಹೊಸ ಮರಳುಮಿಶ್ರಿತ ಮಣ್ಣಿನಲ್ಲಿ ನೆಟ್ಟು, ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿನಲ್ಲಿ ಇಳಿಸಿ ಒಣಗಿದೆಯೆಂದು ತಿಳಿದ ಮೇಲಷ್ಟೇ ನೀರು ಕೊಡುವುದು. ಬುಡದಲ್ಲಿ, ಕಸಿಯ ಗಂಟಿನ ಹತ್ತಿರ ಗೋಂದು ಒಸರುತ್ತಿದ್ದರೂ ಇದೇ ಶತ್ರುವನ್ನು ನೆನೆಯಬೇಕು. ಕಸಿಯ ಗಂಟು ಎಂದಿಗೂ ಮಣ್ಣಿನೊಳಗೆ ಹೂತಿರಬಾರದು.

ಹಸಿರಾಗಿರುವ ಎಲೆಗಳೇ ದಿಢೀರನೆ ಉದುರಿದರೆ ರೋಗವೆಂದು ಗಾಬರಿಪಡಬೇಕಾಗಿಲ್ಲ. ನಿಂಬೆಯ ಎಲೆಯನ್ನು ಗಮನಿಸಿದವರಿಗೆ ಅದರ ತೊಟ್ಟಿಗೂ ಎಲೆಗೂ ನಡುವೆ ಒಂದು ಕೀಲು ಇರುವುದು ತಿಳಿದಿದೆ. ಸಸ್ಯಶಾಸ್ತ್ರಜ್ಞರು ಇದನ್ನು ಒಂದೇ ಕಿರುಎಲೆ ಉಳಿದಿರುವ ಸಂಯುಕ್ತ ಪರ್ಣವೆನ್ನುತ್ತಾರೆ. ಬಿಲ್ವದ ಮೂರು ದಳದ ಎಲೆ ಇದರ ದಾಯಾದಿ. ಗಿಡ ಹಠಾತ್ತನೆ ಒಣಗಿದಾಗ ಎಲೆಯ ಅಲಗು ಮಾತ್ರ ಕೀಲಿನಲ್ಲಿ ಕಳಚಿಬಿದ್ದು ತೊಟ್ಟು ಕೊಂಬೆಯಲ್ಲೇ ಉಳಿಯುವುದುಂಟು. ಬಿಸಿಲಿನ ಅಂಗಳದಿಂದ ನೇರವಾಗಿ ಕತ್ತಲೆಯ ಹಜಾರಕ್ಕೆ ತಂದ ಗಿಡವೂ ಎಲೆ ಉದುರಿಸಿ ತನ್ನ ಪ್ರತಿಭಟನೆಯನ್ನು ಸೂಚಿಸುತ್ತದೆ. ಅದನ್ನು ದಿನಕ್ಕಷ್ಟು ದೂರ ಸರಿಸುತ್ತ ಹೊಸ ಜಾಗಕ್ಕೆ ಒಗ್ಗಿಸಬೇಕು.

ಇನ್ನು ಎರಡನೆಯ ಪ್ರಶ್ನೆ: ಎಲೆ ಅಂಟುತ್ತದೆಯೋ? ಬೆರಳಿಗೆ ಜಿಗುಟು ಹತ್ತಿದರೆ, ಕುಂಡದ ಕೆಳಗಿನ ನೆಲ ಪಾಕ ಚೆಲ್ಲಿದಂತಿದ್ದರೆ, ಇರುವೆಗಳು ಕಾಂಡದ ಮೇಲೆ ಸಾಲುಗಟ್ಟಿ ಓಡಾಡುತ್ತಿದ್ದರೆ, ಗಿಡದಲ್ಲಿ ರಸ ಹೀರುವ ಕೀಟವಿದೆಯೆಂದು ನಿಶ್ಚಯಿಸಬಹುದು. ಇವು ಬೇಕಾದುದಕ್ಕಿಂತ ಹೆಚ್ಚು ಸಕ್ಕರೆಯ ರಸವನ್ನು ಹೀರಿ, ಮಿಕ್ಕುದನ್ನು ಸಿಹಿಯಾದ ಅಂಟಾಗಿ ವಿಸರ್ಜಿಸುತ್ತವೆ. ಆ ಅಂಟಿನ ಮೇಲೆ ಕಾಡಿಗೆಯಂತಹ ಕಪ್ಪು ಬೂಷ್ಟು ಬೆಳೆಯುತ್ತದೆ. ಕಪ್ಪು ಕಂಡು ಬೂಷ್ಟಿಗೆ ಔಷಧ ಹೊಡೆಯುವವರು ಕಾರಣವನ್ನು ಬಿಟ್ಟು ಕಾರ್ಯಕ್ಕೆ ಹೊಡೆಯುತ್ತಾರೆ. ಈ ಬೂಷ್ಟು ಎಲೆಯೊಳಗೆ ಇಳಿಯುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಹುಡುಕಬೇಕಾದುದು ಮೇಲಿನ ಕೊಂಬೆಯಲ್ಲಿ ಕುಳಿತ ಅಪರಾಧಿಯನ್ನು.

ಅಪರಾಧಿ ಚಿಗುರನ್ನು ಮುತ್ತಿ, ಮೃದುವಾಗಿ, ಕಪ್ಪಾಗಿ ಅಥವಾ ಹಸಿರಾಗಿ, ಮುಟ್ಟಿದರೆ ಕಾಲಾಡಿಸುವಂತಿದ್ದರೆ ಹೇನು. ಎಲೆಯ ಕಂಕುಳಲ್ಲಿ ಹತ್ತಿಯ ಉಂಡೆಯಂತೆ ಬೆಳ್ಳಗಿದ್ದರೆ ಹಿಟ್ಟು ತಿಗಣೆ. ಗಿಡ ಕೊಡವಿದಾಗ ಬಿಳಿಯ ಪುಟ್ಟ ರೆಕ್ಕೆಗಳು ಹಾರಿ ಮತ್ತೆ ಕುಳಿತರೆ ಬಿಳಿ ನೊಣ. ನರದುದ್ದಕ್ಕೂ ಕಂದು ಅಥವಾ ಹಸಿರು ಬಣ್ಣದ ಪುಟ್ಟ ಬಿಲ್ಲೆಗಳು ಅಂಟಿಕೊಂಡು, ಅಲುಗಾಡದೆ, ಎಲೆಯ ಭಾಗವೇ ಎನ್ನುವಂತಿದ್ದರೆ ಶಲ್ಕ ಕೀಟ. ಉಗುರಿನಿಂದ ಎಬ್ಬಿಸಿದರೆ ಕಳಚಿಬರುವುದೇ ಅದರ ಪರೀಕ್ಷೆ. ಇದರಲ್ಲಿಯೂ ಎರಡು ಜಾತಿ. ಮೆತು ಶಲ್ಕಗಳು ಅಂಟು ಸುರಿಸುತ್ತವೆ. ಕವಚವುಳ್ಳ ಶಲ್ಕಗಳು ಸುರಿಸುವುದಿಲ್ಲ. ಆದುದರಿಂದ ಅಂಟಿಲ್ಲವೆಂದ ಮಾತ್ರಕ್ಕೆ ಶಲ್ಕವಿಲ್ಲವೆಂದು ಹೇಳಕೂಡದು.

ಹಿಟ್ಟು ತಿಗಣೆಯ ಸಂಗತಿಯಲ್ಲಿ ಒಂದು ವಿನೋದವಿದೆ. ೧೮೯೮ರಲ್ಲಿ, ಕಾಫಿಯ ಹಸಿರು ಶಲ್ಕ ಕೀಟವನ್ನು ತಿನ್ನಲೆಂದು, ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವನ್ನು ಆಸ್ಟ್ರೇಲಿಯದಿಂದ ದಕ್ಷಿಣ ಭಾರತಕ್ಕೆ ತಂದರು. ಅದು ಕರೆಸಿದ ಕೆಲಸವನ್ನು ಮಾಡಲಿಲ್ಲ. ಹಿಟ್ಟು ತಿಗಣೆಗಳನ್ನು ತಿಂದುಕೊಂಡು ಇಲ್ಲಿಯೇ ನೆಲೆಯೂರಿತು. ಇಂದು ಹಣ್ಣಿನ ತೋಟಗಳಲ್ಲಿ ಬಿಡುವುದಕ್ಕಾಗಿಯೇ ಅದನ್ನು ಸಾಕುತ್ತಾರೆ. ಇದರ ಮರಿಹುಳು ಮೈಮೇಲೆ ಬಿಳಿಯ ಮೇಣದ ಎಳೆಗಳನ್ನು ಹೊತ್ತು, ನೋಡುವುದಕ್ಕೆ ದೊಡ್ಡದೊಂದು ಹಿಟ್ಟು ತಿಗಣೆಯಂತೆಯೇ ಇರುತ್ತದೆ. ಅವಸರದ ವೈದ್ಯನು ಮೊದಲು ಕೊಲ್ಲುವುದು ಇದನ್ನೇ! ಉಳಿದವುಗಳಿಗಿಂತ ದೊಡ್ಡದಾಗಿ, ಚುರುಕಾಗಿ ಓಡಾಡುವ ‘ಹಿಟ್ಟು ತಿಗಣೆ’ ಕಂಡರೆ ಕೈ ತಡೆಯಬೇಕು.

ಮನೆಯೊಳಗೆ ಈ ಕೀಟಗಳಿಗೆಲ್ಲ ಬಟ್ಟೆ, ನೀರು, ಸಾಬೂನು ಇವೇ ಉತ್ತಮ ಆಯುಧಗಳು. ಗಿಡವನ್ನು ಬಚ್ಚಲಿಗೆ ಒಯ್ದು ಎಲೆಯ ಬೆನ್ನಿಗೆ ಬೀಳುವಂತೆ ನೀರು ಚಿಮುಕಿಸಿದರೆ ಹೇನು ಬಹುಪಾಲು ತೊಳೆದುಹೋಗುತ್ತದೆ. ಶಲ್ಕವನ್ನು ಉಗುರಿನಿಂದಲೋ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದಲೋ ಕೆರೆಯಬೇಕು. ಲೀಟರು ನೀರಿಗೆ ೫ ಮಿಲಿಲೀಟರು ಬೇವಿನ ಎಣ್ಣೆ ಹಾಕಿ, ಅದು ಕದಡಿಕೊಳ್ಳುವಷ್ಟು ಸಾಬೂನು ಬೆರೆಸಿ, ಸಂಜೆಯ ಹೊತ್ತು ಸಿಂಪಡಿಸಿ, ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಮಾಡಿದರೆ ಮೊಟ್ಟೆಯಿಂದ ಹೊಸದಾಗಿ ಬಂದವೂ ಸಿಕ್ಕಿಬೀಳುತ್ತವೆ. ಇರುವೆಗಳನ್ನು ಮೊದಲು ತಡೆಯತಕ್ಕದ್ದು. ಅವು ಅಂಟಿನ ಆಸೆಗಾಗಿ ಈ ಕೀಟಗಳನ್ನು ಹಸು ಕಾಯುವಂತೆ ಕಾಯುತ್ತವೆ. ಬೇರಿನ ಮೂಲಕ ಗಿಡದ ಸರ್ವಾಂಗಕ್ಕೂ ಹಬ್ಬುವ ವಿಷಗಳನ್ನು ಮನೆಯೊಳಗಿನ ನಿಂಬೆಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಆ ಕಾಯಿ ಸಿಪ್ಪೆಯೊಡನೆ ಉಪ್ಪಿನಕಾಯಿಯಾಗಿ ನಮ್ಮ ತಟ್ಟೆಗೇ ಬರುತ್ತದೆ. ಹೂವಿಗೆ ಜೇನುನೊಣವೂ ಬರುತ್ತದೆ.

ಎಲೆ ಅಂಟುವುದಿಲ್ಲ, ಆದರೆ ಹೊಳಪು ಕಳೆದುಕೊಂಡು, ಸೂಜಿಯಿಂದ ಸಾವಿರ ಸಲ ಚುಚ್ಚಿದಂತೆ ಬಿಳಿಚುಕ್ಕೆಗಳಿಂದ ತುಂಬಿದೆಯೆ? ಕೊಂಬೆಯ ಕೆಳಗೆ ಬಿಳಿಯ ಕಾಗದ ಹಿಡಿದು ತಟ್ಟಿ. ಬಿದ್ದ ಧೂಳಿನ ಕಣಗಳು ಒಂದು ಕ್ಷಣದಲ್ಲಿ ನಡೆಯತೊಡಗಿದರೆ ಅವು ಧೂಳಲ್ಲ, ನುಸಿ. ಇವು ಕೀಟಗಳಲ್ಲ, ಎಂಟು ಕಾಲಿನ ಜೇಡನ ಬಂಧುಗಳು. ಒಣ ಗಾಳಿಯೂ ಸೆಕೆಯೂ ಇವಕ್ಕೆ ಸ್ವರ್ಗ. ಮಾರ್ಚಿನಿಂದ ಮೇ ತನಕ, ಫ್ಯಾನಿನ ಕೆಳಗಿಟ್ಟ ಗಿಡದಲ್ಲಿ ಇವನ್ನು ನಿರೀಕ್ಷಿಸಬಹುದು. ನೀರಿನಿಂದ ತೊಳೆಯುವುದೇ ಅರ್ಧ ಚಿಕಿತ್ಸೆ.

ಎಲೆಯನ್ನು ತಿನ್ನುವವರ ಗುರುತು ಬಹಳ ಸುಲಭ. ಹಕ್ಕಿಯ ಹಿಕ್ಕೆಯಂತೆ ಕಪ್ಪುಬಿಳುಪಾಗಿ ಎಲೆಯ ಮೇಲೆ ಬಿದ್ದಿರುವುದನ್ನು ಕಡ್ಡಿಯಿಂದ ಮುಟ್ಟಿ ನೋಡಿ; ತಲೆಯ ಹಿಂದಿನಿಂದ ಕೆಂಪನೆಯ ಕವಲುಕೊಂಬು ಹೊರಚಾಚಿ ಘಾಟು ವಾಸನೆ ಬಿಟ್ಟರೆ ಅದು ನಿಂಬೆ ಚಿಟ್ಟೆಯ ಮರಿ. ಬಲಿತ ಮೇಲೆ ಹಸಿರಾಗುತ್ತದೆ. ಇದೇ ಹುಳು ಕರಿಬೇವನ್ನೂ ಬಿಲ್ವವನ್ನೂ ತಿನ್ನುತ್ತದೆ. ಒಂದೆರಡಿದ್ದರೆ ಕೈಯಿಂದ ತೆಗೆದು ಹೊರಗಿನ ಗಿಡಕ್ಕೆ ಬಿಟ್ಟರಾಯಿತು. ಚಿಗುರೆಲೆಯ ಮೇಲೆ ಬೆಳ್ಳಿಯ ಬಣ್ಣದ ಅಂಕುಡೊಂಕು ಗೆರೆಗಳು ರಂಗೋಲಿ ಹಾಕಿದಂತೆ ಕಂಡರೆ, ಎಲೆಯ ಸಿಪ್ಪೆಯೊಳಗೇ ಸುರಂಗ ಕೊರೆಯುತ್ತಿರುವ ರಂಗೋಲಿ ಹುಳುವಿನದು ಆ ಕೆಲಸ. ೧೮೫೬ರಲ್ಲಿ ಸ್ಟೈನ್‌ಟನ್ ಎಂಬಾತನು ಕಲ್ಕತ್ತೆಯ ಮಾದರಿಗಳಿಂದ ಇದನ್ನು ವರ್ಣಿಸಿ ಹೆಸರಿಟ್ಟನು. ನೋಡುವುದಕ್ಕೆ ಭಯಂಕರವಾದರೂ ಬಲಿತ ಗಿಡಕ್ಕೆ ಇದರಿಂದ ಹೆಚ್ಚು ಹಾನಿಯಿಲ್ಲ. ಸುರಂಗದೊಳಗಿರುವ ಹುಳುವಿಗೆ ಮೇಲಿನ ಸಿಂಪರಣೆ ತಗಲುವುದೂ ಇಲ್ಲ. ಆದರೆ ಇದು ಮಾಡಿದ ಗಾಯದಿಂದ ಇನ್ನೊಂದು ರೋಗ ಒಳನುಗ್ಗುತ್ತದೆ.

ಅದು ಕಜ್ಜಿ ರೋಗ. ಕ್ಸಾಂತೊಮೊನಾಸ್ ಎಂಬ ಬ್ಯಾಕ್ಟೀರಿಯದಿಂದ ಬರುವುದು. ಎಲೆಯ ಎರಡು ಮೈಯಲ್ಲಿಯೂ ಉಬ್ಬಿದ, ಬೆಂಡಿನಂತೆ ಒರಟಾದ ಕಂದು ಚುಕ್ಕೆಗಳು, ಸುತ್ತಲೂ ಹಳದಿಯ ಪ್ರಭಾವಳಿ. ಕಣ್ಣು ಮುಚ್ಚಿ ಬೆರಳಾಡಿಸಿದರೂ ತಿಳಿಯುವಂತಹ ಒರಟು. ನಮ್ಮ ಕಾಗದಿ ನಿಂಬೆಗೆ ಇದು ಬಲು ಬೇಗ ತಗಲುತ್ತದೆ. ಕಿತ್ತಳೆ ಅಷ್ಟಾಗಿ ಸೋಲುವುದಿಲ್ಲ. ಮಳೆಯ ಹನಿಯೊಡನೆ ಚಿಮ್ಮಿ ಹರಡುವ ರೋಗವಾದ್ದರಿಂದ, ಈ ಒಂದು ವಿಷಯದಲ್ಲಿ ಮಾತ್ರ ಮನೆಯೊಳಗಿನ ಗಿಡ ಭಾಗ್ಯಶಾಲಿ. ಸೋಂಕಿದ ಎಲೆ, ಕಡ್ಡಿಗಳನ್ನು ಕತ್ತರಿಸಿ ಸುಟ್ಟು, ಎಲೆಯ ಮೇಲೆ ನೀರು ಬೀಳದಂತೆ ಬುಡಕ್ಕಷ್ಟೇ ಹೊಯ್ದರೆ ಬಹುಮಟ್ಟಿಗೆ ಹಿಡಿತಕ್ಕೆ ಬರುತ್ತದೆ.

ಇಷ್ಟರವರೆಗೆ ಹೇಳಿದ ಯಾವುದರಲ್ಲಿ ತೀರ್ಪು ತಪ್ಪಿದರೂ ನಷ್ಟ ಒಂದು ಗಿಡದ್ದು. ಆದರೆ ತಪ್ಪಿದರೆ ಊರಿಗೇ ಕೇಡಾಗುವಂತಹದು ಒಂದಿದೆ. ಚೀನದಲ್ಲಿ ಅದನ್ನು ಹುವಾಂಗ್‌ಲಾಂಗ್‌ಬಿಂಗ್ ಎನ್ನುತ್ತಾರೆ; ಭಾರತದಲ್ಲಿ ಗ್ರೀನಿಂಗ್ ಎಂಬ ಹೆಸರೇ ರೂಢಿಯಲ್ಲಿದೆ. ಹಣ್ಣಿನ ಕೆಳತುದಿ ಮಾಗದೆ ಹಸಿರಾಗಿಯೇ ಉಳಿಯುವುದರಿಂದ ಆ ಹೆಸರು. ಇದನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಸಿಲ್ಲಾ ಎಂಬ ೩–೪ ಮಿಲಿಮೀಟರು ಉದ್ದದ ಕಂದು ಕೀಟವೆಂದು ೧೯೬೭ರಲ್ಲಿ ಭಾರತದಲ್ಲಿ ಕಪೂರ್ ಮತ್ತು ಅವರ ಸಂಗಡಿಗರು ತೋರಿಸಿದರು. ಮೊದಲು ವೈರಸ್ಸೆಂದೇ ನಂಬಿದ್ದ ರೋಗಕಾರಕ ೧೯೭೦ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯದಂತಹ ಜೀವಿಯಾಗಿ ಕಾಣಿಸಿತು. ಅದು ಎಲೆಯಿಂದ ಬೇರಿಗೆ ಸಕ್ಕರೆ ಸಾಗುವ ನಾಳಗಳಲ್ಲಿ ನೆಲೆಸಿ ದಾರಿಯನ್ನು ಕಟ್ಟಿಹಾಕುತ್ತದೆ. ಇದನ್ನು ಗುಣಪಡಿಸುವ ಔಷಧ ಇಂದಿಗೂ ಇಲ್ಲ.

ಇದರ ಹಳದಿಯೇ ನಮ್ಮ ಸವ್ಯಭಿಚಾರ ಹೇತುವಿನ ನಿಜವಾದ ಪರೀಕ್ಷೆ. ನೋಡಿದವರು ಸತುವಿನ ಕೊರತೆಯೆಂದೇ ಹೇಳಿಬಿಡುತ್ತಾರೆ. ಬೇರ್ಪಡಿಸುವ ಉಪಾಯ ಒಂದುಂಟು. ಪೋಷಕಗಳ ಕೊರತೆ ಮಧ್ಯನರದ ಎಡಕ್ಕೂ ಬಲಕ್ಕೂ ಸಮನಾಗಿ, ಕನ್ನಡಿಯ ಪ್ರತಿಬಿಂಬದಂತೆ ಕಾಣಿಸುತ್ತದೆ. ಗ್ರೀನಿಂಗಿನ ಮಚ್ಚೆಗಳು ಹಾಗಲ್ಲ. ಎಡಗಡೆ ಹಳದಿ ಇದ್ದ ಸ್ಥಳದಲ್ಲಿ ಬಲಗಡೆ ಹಸಿರಿರುತ್ತದೆ. ಎಲೆಯ ಒಂದು ಕಡೆಯ ಹಳದಿಯ ಸುತ್ತ ಪೆನ್ನಿನಿಂದ ಒಂದು ವೃತ್ತವೆಳೆದು, ಮಧ್ಯನರದ ಆಚೆ ಅದೇ ಎತ್ತರದಲ್ಲಿ ಇನ್ನೊಂದು ವೃತ್ತವೆಳೆದು ಎರಡನ್ನೂ ಹೋಲಿಸಿದರೆ ಸಂದೇಹ ಎಷ್ಟೋ ಕಡಮೆಯಾಗುತ್ತದೆ. ಗಿಡವೆಲ್ಲ ಹಸಿರಾಗಿದ್ದು ಒಂದೇ ಕೊಂಬೆ ಹಳದಿಯಾಗುವುದು, ಕಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗುವುದು, ಒಳಗಿನ ಬೀಜಗಳು ಜೊಳ್ಳಾಗಿರುವುದು, ಇವು ಒಟ್ಟು ಸೇರಿದರೆ ಶಂಕೆ ಬಲವಾಗುತ್ತದೆ. ಚಿಗುರಿನ ಮೇಲೆ ಬಾಲವನ್ನು ಮೇಲಕ್ಕೆತ್ತಿ ಓರೆಯಾಗಿ ಕುಳಿತ ಕೀಟವೂ, ಸುರುಳಿಸುರುಳಿಯಾದ ಬಿಳಿಯ ಮೇಣದ ಎಳೆ ಬಿಡುವ ಅದರ ಮರಿಗಳೂ ಕಂಡರೆ ಇನ್ನೂ ಹೆಚ್ಚು. ಕೊನೆಯ ತೀರ್ಪು ಮಾತ್ರ ಪ್ರಯೋಗಶಾಲೆಯ ಪರೀಕ್ಷೆಯದು.

ಅಮೆರಿಕದ ಫ್ಲಾರಿಡದಲ್ಲಿ ಸಿಲ್ಲಾ ಕಂಡುದು ೧೯೯೮ರಲ್ಲಿ, ರೋಗ ಕಂಡುದು ೨೦೦೫ರಲ್ಲಿ. ಆ ಕೀಟ ರಾಜ್ಯದಾದ್ಯಂತ ಹಬ್ಬುವುದಕ್ಕೆ, ಅಂಗಡಿಗಳಲ್ಲಿ ಮಾರಾಟಕ್ಕಿಟ್ಟ ಕಾಮಿನಿ ಗಿಡದ ಕುಂಡಗಳು ನೆರವಾದವು. ಕಾಮಿನಿಯೂ ನಿಂಬೆಯ ಕುಟುಂಬದ್ದೇ. ೨೦೦೩–೦೪ರಲ್ಲಿ ೨೪ ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದ ಆ ರಾಜ್ಯ ೨೦೨೨–೨೩ರಲ್ಲಿ ೨ ಕೋಟಿಯನ್ನೂ ಮುಟ್ಟಲಿಲ್ಲ. ಆ ವರ್ಷ ಚಂಡಮಾರುತವೂ ಸೇರಿತ್ತೆಂಬುದು ನಿಜ, ಆದರೆ ಅಷ್ಟು ಹೊತ್ತಿಗೆ ತೋಟಗಳು ರೋಗದಿಂದಲೇ ಸೊರಗಿದ್ದವು. ಕ್ಯಾಲಿಫೋರ್ನಿಯದಲ್ಲಿ ೨೦೧೨ರಲ್ಲಿ ಈ ರೋಗ ಮೊದಲು ಸಿಕ್ಕಿದುದು ಯಾವ ತೋಟದಲ್ಲಿಯೂ ಅಲ್ಲ, ಲಾಸ್ ಏಂಜಲೀಸ್ ಪ್ರಾಂತದ ಒಂದು ಮನೆಯ ಹಿತ್ತಲಿನಲ್ಲಿ.

ದೂರದೇಶದ ಕಥೆಯೆಂದು ಬಿಡುವಂತಿಲ್ಲ. ಕಾಫಿಯ ನಡುವೆ ನಿಂತು ಕೊಡಗಿಗೆ ಹೆಸರು ತಂದ ಕಿತ್ತಳೆ ಮರಗಳು ಕ್ಷಯಿಸಿದುದಕ್ಕೆ ಗ್ರೀನಿಂಗ್, ಬೇರುಕೊಳೆ, ಮತ್ತು ಹೇನುಗಳಿಂದ ಹರಡುವ ಟ್ರಿಸ್ಟೆಜ ಎಂಬ ವೈರಸ್ ರೋಗ, ಇವೆಲ್ಲ ಕಾರಣಗಳು. ಚೆಟ್ಟಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದವರು ಈ ಮರಗಳ ಪುನರುಜ್ಜೀವನಕ್ಕಾಗಿ ಬಹುಕಾಲದಿಂದ ದುಡಿಯುತ್ತಿದ್ದಾರೆ. ಹೀಗಿರುವಾಗ, ಪೇಟೆಯ ನರ್ಸರಿಯಲ್ಲಿ ಕೊಂಡ ಕಸಿ ಗಿಡವೊಂದನ್ನು ರಜೆಯಲ್ಲಿ ಬಸ್ಸಿನಲ್ಲಿಟ್ಟುಕೊಂಡು ಊರಿಗೆ ಒಯ್ಯುವುದು ಎಷ್ಟು ಸಾಮಾನ್ಯ! ನಮ್ಮ ವಿದ್ಯಾರ್ಥಿನಿಲಯದಲ್ಲಿಯೂ ಸೋಮವಾರಪೇಟೆಯ ಕಡೆಯ ಗೆಳೆಯರೊಬ್ಬರು ಕಿಟಕಿಯಲ್ಲಿ ಎರಡು ವರ್ಷ ಸಾಕಿದ ಕಿತ್ತಳೆ ಗಿಡವನ್ನು ಈ ಬೇಸಿಗೆಯಲ್ಲಿ ತಂದೆಯವರ ತೋಟಕ್ಕೆ ಕೊಂಡೊಯ್ಯಲು ಸಿದ್ಧರಾಗಿದ್ದರು. ಗಿಡ ನೋಡುವುದಕ್ಕೆ ಆರೋಗ್ಯವಾಗಿಯೇ ಇತ್ತು. ಕಷ್ಟವಿರುವುದು ಅಲ್ಲಿಯೇ. ಸೋಂಕು ತಗಲಿದ ಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಗಿಡ ಯಾವ ಗುರುತನ್ನೂ ತೋರಿಸದೆ ಇರಬಲ್ಲುದು. ಹೊಗೆಯಿಲ್ಲದ ಬೆಂಕಿ. ಇಲ್ಲಿ ಕಣ್ಣಿನ ಪರೀಕ್ಷೆಗೆ ‘ಇದೆ’ ಎಂದು ಶಂಕಿಸುವ ಶಕ್ತಿಯುಂಟೇ ಹೊರತು ‘ಇಲ್ಲ’ ಎಂದು ಹೇಳುವ ಶಕ್ತಿಯಿಲ್ಲ.

ಅವರು ಬಹಳ ಹೊತ್ತು ವಾದಿಸಿದರು. ಒಂದು ಗಿಡದಿಂದ ಏನಾದೀತು ಎಂದರು. ಕಿಟಕಿಯ ಪಕ್ಕದಲ್ಲೇ ಅಡುಗೆಯವರು ಬೆಳೆಸಿದ ಕರಿಬೇವಿನ ಗಿಡವಿತ್ತು. ಕರಿಬೇವು ಈ ರೋಗದಿಂದ ನರಳುವುದಿಲ್ಲ. ಆದರೆ ಸಿಲ್ಲಾ ಕೀಟಕ್ಕೆ ಅದು ತಕ್ಕ ಆಶ್ರಯ. ಅದರ ಚಿಗುರನ್ನು ಭೂತಗನ್ನಡಿಯಲ್ಲಿ ನೋಡಿದಾಗ ಮೇಣದ ಎಳೆಗಳು ಕಂಡವು. ಅಷ್ಟರ ಮೇಲೆ ವಾದ ನಿಂತಿತು. ರೋಗವಿದೆಯೆಂದು ಇದರಿಂದ ಸಿದ್ಧವಾಗಲಿಲ್ಲವೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೆ ತಂದೆಯವರ ತೋಟದಲ್ಲಿ ಉಳಿದಿದ್ದ ಮರಗಳು ನಲವತ್ತೇ.

ಶಂಕೆ ಬಲವಾಗಿರುವ ಗಿಡವನ್ನು ಏನು ಮಾಡಬೇಕೆಂದರೆ, ಮೊದಲು ಸಿಲ್ಲಾ ಹಾರಿಹೋಗದಂತೆ ಗಿಡಕ್ಕೆ ಸಾಬೂನು ನೀರು ಸಿಂಪಡಿಸಿ, ಆ ಬಳಿಕ ಬೇರುಸಹಿತ ಕಿತ್ತು, ಅದೇ ಸ್ಥಳದಲ್ಲಿ ಚೀಲದಲ್ಲಿ ಕಟ್ಟಿ, ಒಣಗಿಸಿ ಸುಡಬೇಕು. ಹೊರಗೆ ಬಿಸಾಡಿದರೆ ಕೀಟವನ್ನು ಬೀದಿಗೆ ಬಿಟ್ಟಂತಾಯಿತು. ಶಂಕೆಯಿಲ್ಲದ ಗಿಡ ಸುಖವಾಗಿ ಕಿಟಕಿಯಲ್ಲಿಯೇ ಇರಲಿ. ಅದನ್ನು ಕಿತ್ತಳೆ ಬೆಳೆಯುವ ಸೀಮೆಗೆ ಒಯ್ಯುವುದು ಬೇಡ, ಅದರ ಕಡ್ಡಿಯನ್ನು ಕಸಿಗಾಗಿ ಕೊಡುವುದೂ ಬೇಡ. ಏಕೆಂದರೆ ಗ್ರೀನಿಂಗೂ ಟ್ರಿಸ್ಟೆಜವೂ ಕಸಿಯ ಕಡ್ಡಿಯೊಡನೆ ನೇರವಾಗಿ ಹೋಗುತ್ತವೆ.

ಒಯ್ಯಲೇಬೇಕೆಂಬ ಆಸೆಯಿದ್ದರೆ ಬೀಜಗಳನ್ನು ಒಯ್ಯಬಹುದು. ಟ್ರಿಸ್ಟೆಜ ಬೀಜದ ಮೂಲಕ ಹರಡುವುದಿಲ್ಲ. ಗ್ರೀನಿಂಗ್ ಸಹ ಬೀಜದಿಂದ ಎದ್ದ ಸಸಿಗಳಲ್ಲಿ ರೋಗವಾಗಿ ಕಾಣಿಸಿಕೊಂಡಿಲ್ಲ. ಇದರಲ್ಲಿ ನಿಂಬೆಯ ಕುಟುಂಬಕ್ಕೆ ಪ್ರಕೃತಿ ಇನ್ನೊಂದು ಉಪಕಾರ ಮಾಡಿದೆ. ಚಕ್ಕೋತ, ಮಾದಳಗಳನ್ನು ಬಿಟ್ಟರೆ, ಕಾಗದಿ ನಿಂಬೆ, ಕೊಡಗಿನ ಕಿತ್ತಳೆ ಮೊದಲಾದವುಗಳ ಒಂದೊಂದು ಬೀಜದಲ್ಲಿಯೂ ಹಲವು ಭ್ರೂಣಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗದ ಸಂಬಂಧವಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿ, ತಾಯಿಗಿಡದ ಗುಣಗಳನ್ನೇ ಹೊತ್ತು ಬರುತ್ತವೆ. ಒಂದೇ ಬೀಜದಿಂದ ಎರಡು ಮೂರು ಮೊಳಕೆಗಳು ಎದ್ದರೆ ಹೆಚ್ಚು ಬಲವಾದುವನ್ನು ಉಳಿಸಿಕೊಳ್ಳತಕ್ಕದ್ದು. ಕಸಿ ಗಿಡಕ್ಕಿಂತ ಕೆಲವು ವರ್ಷ ತಡವಾಗಿ ಕಾಯಿ ಬಿಡುತ್ತದೆ. ಹಣ್ಣಿನಿಂದ ತೆಗೆದ ಬೀಜ ಒಣಗಿದರೆ ಮೊಳೆಯುವ ಶಕ್ತಿಯನ್ನು ಬೇಗ ಕಳೆದುಕೊಳ್ಳುವುದರಿಂದ, ತೊಳೆದು ನೆರಳಿನಲ್ಲಿ ತುಸು ಆರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ, ಊರು ತಲಪಿದ ದಿನವೇ ಊರಿಬಿಡಬೇಕು.